ರ‍್ಯಾಪ್ ಪದ್ಯದಲ್ಲಿ ಸ್ವೋಪಜ್ಞತೆ: ಹಳತು ಹೊಸತುಗಳ ವಿಚಾರ

1. ವಿವಾದದ ಸ್ವರೂಪ

ಕಾವ್ಯದ ತಾರತಮ್ಯವನ್ನು ಅದರ ವಯಸ್ಸಿನಿಂದ ನಿಶ್ಚಯಿಸಬಹುದೆ ಎಂಬ ಪ್ರಶ್ನೆಯನ್ನು ಕಾಳಿದಾಸನು ಮಾಳವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿಯೇ ಎತ್ತಿರುವುದು ವಿದ್ವಾಂಸರಿಗೆ ವಿದಿತವಾಗಿದೆ. ಆ ಪ್ರಶ್ನೆ ಇಂದಿಗೂ ತೀರಿಲ್ಲ. ಕನ್ನಡದಲ್ಲಿ ಅದು ಈಗ ಪಂಡಿತರ ಸಭೆಯನ್ನು ಬಿಟ್ಟು, ಬೆಂಗಳೂರಿನ ಹೊರವಲಯದ ಕಾರ್ಖಾನೆ ಕಚೇರಿಗಳ ನಡುವೆ ಬಾಳುವ ತರುಣರ ಮಾತಿನಲ್ಲಿ ಕೇಳಿಬರುತ್ತಿದೆ. ವಾದದ ವಸ್ತು ಹಿಪ್ ಹಾಪ್ ಎಂಬ ಗೇಯಸಂಪ್ರದಾಯ, ವಿಶೇಷವಾಗಿ ಅದರ ವಾಚಿಕಾಂಗವಾದ ರ‍್ಯಾಪ್ ಎಂಬ ಪದ್ಯಪ್ರಕಾರ. ತಾಳಕ್ಕೆ ಹೊಂದಿಸಿ, ರಾಗವನ್ನು ಮುಖ್ಯವಾಗಿಸದೆ, ಪ್ರಾಸಬದ್ಧವಾಗಿ ವೇಗದಿಂದ ನುಡಿಯುವ ಪದ್ಯವೇ ರ‍್ಯಾಪ್ ಎಂದು ಸ್ಥೂಲವಾಗಿ ಹೇಳಬಹುದು.

ಹಳೆಯ ಹಿಪ್ ಹಾಪ್ ಸ್ವೋಪಜ್ಞವಾದದ್ದು, ಅದರಲ್ಲಿ ಮಾತಿಗೆ ತೂಕವಿತ್ತು. ಹೊಸದರಲ್ಲಿ ಸಿದ್ಧವಾದ ತಾಳ, ಯಂತ್ರದಿಂದ ತಿದ್ದಿದ ಕಂಠ, ಪುನರುಕ್ತವಾದ ವಿಷಯಗಳೇ ಇವೆ ಎಂಬುದು ಒಂದು ಪಕ್ಷ. ಹಳೆಯವರೂ ಎರವಲಿನಿಂದಲೇ ಆರಂಭಿಸಿದರು, ಹೊಸಬರು ತಮ್ಮ ಊರಿನ ನುಡಿಯಲ್ಲಿ ತಮ್ಮ ಬಾಳನ್ನು ಹಾಡುತ್ತಿದ್ದಾರೆ ಎಂಬುದು ಇನ್ನೊಂದು ಪಕ್ಷ. ಮೊದಲನೆಯದನ್ನು ಪೂರ್ವಪಕ್ಷವೆಂದೂ ಎರಡನೆಯದನ್ನು ಉತ್ತರಪಕ್ಷವೆಂದೂ ಕರೆದರೆ ವಿಚಾರಕ್ಕೆ ಅನುಕೂಲವಾದೀತು.

ಈ ವಿವಾದಕ್ಕೆ ಹೊರ ಬೆಂಗಳೂರು ತಕ್ಕ ಭೂಮಿಯಾಗಿರುವುದಕ್ಕೆ ಕಾರಣವುಂಟು. ವೈಟ್‌ಫೀಲ್ಡ್ 1882ರಲ್ಲಿ ಯೂರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಹುಟ್ಟಿದ ವಸತಿ. ಪೀಣ್ಯ 1970ರ ದಶಕದಲ್ಲಿ ಬೆಳೆಯತೊಡಗಿ, ಏಷ್ಯಾದ ದೊಡ್ಡ ಕೈಗಾರಿಕಾ ವಸಾಹತುಗಳಲ್ಲಿ ಒಂದೆನಿಸಿತು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಮೆಟ್ರೋ ರೈಲು ಪೀಣ್ಯಕ್ಕೆ 2014ರಲ್ಲಿಯೂ ವೈಟ್‌ಫೀಲ್ಡಿಗೆ 2023ರಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯ ಮೇಲೆ ಬೊಮ್ಮಸಂದ್ರಕ್ಕೆ 2025ರಲ್ಲಿಯೂ ಬಂದಿತು. ಕಲಬುರಗಿ, ರಾಯಚೂರು, ತುಮಕೂರು, ಮಂಡ್ಯಗಳ ಕನ್ನಡವೂ, ತೆಲುಗು, ತಮಿಳು, ಉರ್ದು, ಹಿಂದಿ, ಇಂಗ್ಲಿಷುಗಳೂ ಒಂದೇ ಬಸ್ಸಿನಲ್ಲಿ ಕೂಡಿ ಪ್ರಯಾಣ ಮಾಡುವ ಪ್ರದೇಶವಿದು. ಇಲ್ಲಿ ಕನ್ನಡದಲ್ಲಿ ಪದ್ಯ ಕಟ್ಟುವುದೆಂದರೆ ಆ ಭಾಷೆಗೆ ಈ ನೆಲದಲ್ಲಿ ಸ್ಥಾನವನ್ನು ಕೇಳುವುದೂ ಆಗಿದೆ. ಆದಕಾರಣ ಆ ಪದ್ಯ ಸ್ವಂತದ್ದೋ ಎರವಲೋ ಎಂಬ ವಿಚಾರವನ್ನು ಅಭಿರುಚಿಯ ಮಾತೆಂದು ತಳ್ಳಿಬಿಡುವಂತಿಲ್ಲ.

2. ಮೂಲದಲ್ಲಿ ಸ್ವೋಪಜ್ಞತೆ ಎಷ್ಟು?

ಹಳೆಯದರ ಶುದ್ಧಿಯನ್ನು ಹೇಳುವ ಮೊದಲು ಅದರ ಚರಿತ್ರೆಯನ್ನು ನೋಡಬೇಕು. 1973ರ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಒಂದು ವಸತಿ ಕಟ್ಟಡದಲ್ಲಿ, ಜಮೈಕಾ ಮೂಲದ ಕೂಲ್ ಹರ್ಕ್ ಎಂಬವರು ನಡೆಸಿದ ನೃತ್ಯಗೋಷ್ಠಿಯಿಂದ ಹಿಪ್ ಹಾಪ್ ಹುಟ್ಟಿತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಅವರ ಹೊಸ ಕಲ್ಪನೆ ಯಾವುದೆಂದರೆ, ಒಂದೇ ಗಾನಮುದ್ರಿಕೆಯ ಎರಡು ಪ್ರತಿಗಳನ್ನು ಎರಡು ತಿರುಗಣೆಗಳ ಮೇಲೆ ಇಟ್ಟು, ಗಾನ ನಿಂತು ತಾಳವಾದ್ಯ ಮಾತ್ರ ನುಡಿಯುವ ಭಾಗವನ್ನು ಮತ್ತೆ ಮತ್ತೆ ನುಡಿಸಿ ಹಿಗ್ಗಿಸುವುದು. ನುಡಿದ ವಾದ್ಯ ಅನ್ಯರದು. ಹಿಗ್ಗಿಸಿದ ಕ್ರಮ ಇವರದು. ಆ ತಾಳದ ಮೇಲೆ ನೆರೆದವರನ್ನು ಹುರಿದುಂಬಿಸಲು ಆಡಿದ ಮಾತುಗಳೇ ಮುಂದೆ ರ‍್ಯಾಪ್ ಪದ್ಯಗಳಾದವು. ಹೀಗೆ ಈ ಕಲೆಯ ಬೀಜದಲ್ಲಿಯೇ ಎರವಲೂ ನಿರ್ಮಾಣವೂ ಬೆರೆತುಕೊಂಡಿವೆ.

1979ರಲ್ಲಿ ಶುಗರ್‌ಹಿಲ್ ಗ್ಯಾಂಗ್ ಎಂಬ ಮೇಳದ 'ರ‍್ಯಾಪರ್ಸ್ ಡಿಲೈಟ್' ಹೊರಬಂದು, ರ‍್ಯಾಪಿಗೆ ಮೊದಲ ದೊಡ್ಡ ಮಾರುಕಟ್ಟೆಯನ್ನು ಗಳಿಸಿಕೊಟ್ಟಿತು. ಅದರ ವಾದ್ಯಭೂಮಿಕೆ ಶೀಕ್ ಎಂಬ ತಂಡದ 'ಗುಡ್ ಟೈಮ್ಸ್' ಗೀತದ್ದು. ಇಷ್ಟೇ ಅಲ್ಲ, ಆ ಮೇಳದ ಬಿಗ್ ಬ್ಯಾಂಕ್ ಹ್ಯಾಂಕ್ ನುಡಿದ ಪದ್ಯಗಳು ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬ ಬೇರೊಬ್ಬ ಪದ್ಯಕಾರನ ಪುಸ್ತಕದಿಂದ ಬಂದವು. ಕ್ಯಾಜ್ ತನ್ನ ಕಾವ್ಯನಾಮವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿಕೊಂಡಿದ್ದ ಪಂಕ್ತಿಯನ್ನು ಹ್ಯಾಂಕ್ ತಿದ್ದದೆ ಹಾಗೆಯೇ ನುಡಿದುಬಿಟ್ಟನು. ವಚನಗಳ ಕರ್ತೃವನ್ನು ಅಂಕಿತದಿಂದ ಗುರುತಿಸುವ ಅಭ್ಯಾಸವುಳ್ಳ ಕನ್ನಡ ವಿದ್ವಾಂಸರಿಗೆ ಈ ಪ್ರಸಂಗ ಕೂಡಲೆ ಅರ್ಥವಾಗುತ್ತದೆ. ಪದ್ಯ ಕದ್ದವನು ಅಂಕಿತವನ್ನು ಅಳಿಸಲು ಮರೆತನು; ಅಂಕಿತವೇ ಸಾಕ್ಷಿಯಾಗಿ ಉಳಿಯಿತು.

ಹೊಸಬರ ಮೇಲೆ ಹೊರಿಸುವ ಯಂತ್ರದ ಆಕ್ಷೇಪವೂ ಚರಿತ್ರೆಯ ಮುಂದೆ ನಿಲ್ಲದು. ಇಂದಿನ ರ‍್ಯಾಪಿನ ಎದೆಬಡಿತದಂತಿರುವ ಗಂಭೀರ ಧ್ವನಿ ರೋಲೆಂಡ್ ಸಂಸ್ಥೆಯ ಟಿ.ಆರ್. 808 ಎಂಬ ತಾಳಯಂತ್ರದ್ದು. ಆ ಯಂತ್ರ 1980ರದು. ಆಫ್ರಿಕಾ ಬಂಬಾಟಾ 1982ರಲ್ಲಿಯೇ 'ಪ್ಲಾನೆಟ್ ರಾಕ್' ಗೀತದಲ್ಲಿ ಅದನ್ನು ಬಳಸಿದ್ದರು, ಜೊತೆಗೆ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಸ್ವರಸಂಚಾರವನ್ನೂ ತೆಗೆದುಕೊಂಡಿದ್ದರು. ಅದೇ ವರ್ಷದ 'ದ ಮೆಸೇಜ್' ಗೀತ ಬಡಕೇರಿಯ ಬಾಳನ್ನು ನೇರವಾಗಿ ನುಡಿದು, ಈ ಪ್ರಕಾರದಿಂದ ಗಂಭೀರ ಕಾವ್ಯ ಸಾಧ್ಯವೆಂದು ತೋರಿಸಿತು. ಅದು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅವರ ಹೆಸರಿನಲ್ಲಿ ಪ್ರಸಿದ್ಧವಾದರೂ, ಅದರ ರಚನೆಯಲ್ಲಿ ಮುಖ್ಯ ಪಾತ್ರ ಡ್ಯೂಕ್ ಬೂಟಿ ಮತ್ತು ಮೆಲಿ ಮೆಲ್ ಎಂಬವರದು.

1991ರಲ್ಲಿ ಇನ್ನೊಂದು ತಿರುವು ಬಂದಿತು. ಬಿಜ್ ಮಾರ್ಕಿ ಎಂಬ ಗಾಯಕರು ಗಿಲ್ಬರ್ಟ್ ಓಸಲಿವನ್ ಅವರ ಗೀತಭಾಗವನ್ನು ಅನುಮತಿಯಿಲ್ಲದೆ ಬಳಸಿದ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅದನ್ನು ಕಳವೆಂದೇ ತೀರ್ಮಾನಿಸಿತು. ಅಲ್ಲಿಂದ ಮುಂದೆ ಹಳೆಯ ಮುದ್ರಿಕೆಗಳ ತುಣುಕುಗಳನ್ನು ಜೋಡಿಸುವ ಕೆಲಸ ದುಬಾರಿಯಾಯಿತು; ತಾಳವನ್ನು ಯಂತ್ರದಲ್ಲಿಯೇ ಹೊಸದಾಗಿ ಕಟ್ಟುವ ಪದ್ಧತಿಗೆ ಬಲ ಬಂದಿತು. ಹೊಸ ಹಿಪ್ ಹಾಪಿನ ಧ್ವನಿ ಬೇರೆಯಾಗಿರುವುದಕ್ಕೆ ಪ್ರತಿಭೆಯ ಹ್ರಾಸವನ್ನೇ ಕಾರಣವಾಗಿ ಹೇಳುವವರು ಈ ಕಾನೂನಿನ ಕಾರಣವನ್ನು ಮರೆಯುತ್ತಾರೆ. ಹೊಸದರಲ್ಲಿ ಕಲೆಯೇ ಇಲ್ಲವೆಂಬ ಮಾತಿಗೆ ಕೆಂಡ್ರಿಕ್ ಲಮಾರ್ ಅವರ 'ಡ್ಯಾಮ್' ಗೀತಸಂಪುಟಕ್ಕೆ 2018ರಲ್ಲಿ ದೊರೆತ ಪುಲಿಟ್ಜರ್ ಪಾರಿತೋಷಕ ಒಂದು ಉತ್ತರವಾಗಿದೆ.

3. ಬೆಂಗಳೂರಿಗೆ ಬಂದ ಬಗೆ

ಭಾರತದಲ್ಲಿ ಈ ಪ್ರಕಾರ ಮೊದಲು ಜನಪ್ರಿಯವಾದದ್ದು 1990ರ ದಶಕದಲ್ಲಿ. 1992ರ ಸುಮಾರಿಗೆ ಬಾಬಾ ಸೆಹಗಲ್ ಹಿಂದಿಯಲ್ಲಿ ಹಾಡಿದ 'ಠಂಡಾ ಠಂಡಾ ಪಾನಿ'ಗೆ ವೆನಿಲಾ ಐಸ್ ಎಂಬ ಅಮೆರಿಕದ ಗಾಯಕರ ಗೀತ ಆಧಾರ. ಆ ಗೀತಕ್ಕೆ ಕ್ವೀನ್ ತಂಡ ಮತ್ತು ಡೇವಿಡ್ ಬೋವಿ 1981ರಲ್ಲಿ ಹಾಡಿದ್ದ ಇನ್ನೊಂದು ಗೀತ ಆಧಾರ. ನೆರಳಿನ ನೆರಳು ಎನ್ನಬಹುದಾದ ಸ್ಥಿತಿ. 1994ರಲ್ಲಿ 'ಕಾದಲನ್' ಎಂಬ ತಮಿಳು ಚಿತ್ರದ 'ಪೇಟೈ ರ‍್ಯಾಪ್' ಮದರಾಸಿನ ಕೇರಿಮಾತನ್ನು ಬಳಸಿ ಬೇರೊಂದು ದಾರಿ ತೋರಿಸಿತು.

ಬೆಂಗಳೂರಿನಲ್ಲಿ ಮೊದಲ ತಲೆಮಾರಿನ ಹಲವರು ಇಂಗ್ಲಿಷಿನಲ್ಲಿ ನುಡಿದರು. ಬ್ರೋಧಾ ವಿ, ಸ್ಮೋಕಿ ದ ಘೋಸ್ಟ್ ಮೊದಲಾದವರ ತಂಡದ ಹೆಸರು 'ಮಚ್ಚಾಸ್ ವಿತ್ ಆಟಿಟ್ಯೂಡ್'. ಅಮೆರಿಕದ ಪ್ರಸಿದ್ಧ ತಂಡವೊಂದರ ಹೆಸರಿನ ಅಚ್ಚಿಗೆ ಬೆಂಗಳೂರಿನ ಬೀದಿಯ 'ಮಚ್ಚಾ' ಎಂಬ ಸಂಬೋಧನೆಯನ್ನು ಎರೆದ ಈ ಹೆಸರಿನಲ್ಲಿಯೇ ಅನುಕರಣ ಮತ್ತು ಸ್ವಂತಿಕೆಗಳ ಜಗಳ ಅಡಕವಾಗಿದೆ. ಬ್ರೋಧಾ ವಿ 2012ರ 'ಆತ್ಮರಾಮ'ದಲ್ಲಿ ಇಂಗ್ಲಿಷ್ ರ‍್ಯಾಪಿಗೆ ರಾಮಸ್ತುತಿಯನ್ನು ಪಲ್ಲವಿಯಾಗಿ ಜೋಡಿಸಿದರು. ಕನ್ನಡದಲ್ಲಿ ಆಲ್ ಓಕೆ ಎಂದು ಪ್ರಸಿದ್ಧರಾದ ಅಲೋಕ್, ರಾಹುಲ್ ಡಿಟ್-ಓ, ಚಂದನ್ ಶೆಟ್ಟಿ ಮೊದಲಾದವರು ಈ ಪ್ರಕಾರವನ್ನು ಜನರ ಬಳಿಗೆ ತಂದರು, ಎಂ.ಸಿ. ಬಿಜ್ಜು ಮೊದಲಾದವರು ಅದನ್ನು ಮುಂದುವರಿಸಿದರು. ಮಲಯಾಳಿಗರಾಗಿ, ಅಮೆರಿಕದಲ್ಲಿ ಬೆಳೆದು, ಬೆಂಗಳೂರಿನಲ್ಲಿ ಉದ್ಯೋಗ ಮಾಡಿಕೊಂಡಿದ್ದು ಬಳಿಕ ಅದನ್ನು ಬಿಟ್ಟ ಹನುಮಾನ್‌ಕೈಂಡ್ ಅವರ 'ಬಿಗ್ ಡಾಗ್ಸ್' ಎಂಬ ಇಂಗ್ಲಿಷ್ ರ‍್ಯಾಪ್ 2024ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯನ್ನು ಪ್ರವೇಶಿಸಿತು.

ಹೀಗಿರಲು, ಅಮೆರಿಕದಲ್ಲಿ ಐವತ್ತು ವರ್ಷಗಳನ್ನು ಅಳೆಯುವ 'ಹಳತು, ಹೊಸತು' ಎಂಬ ಮಾತುಗಳು ಕನ್ನಡದಲ್ಲಿ ಹದಿನೈದು ಇಪ್ಪತ್ತು ವರ್ಷಗಳೊಳಗಿನ ಭೇದವನ್ನು ಹೇಳುತ್ತವೆ. ಇಷ್ಟು ಸಣ್ಣ ಕಾಲಾವಧಿಯಲ್ಲಿ ವಯಸ್ಸಿನಿಂದ ಗುಣವನ್ನು ನಿರ್ಣಯಿಸುವುದು ಇನ್ನೂ ದುರ್ಬಲವಾದ ಕ್ರಮ. ಬೇರೆ ಅಳತೆಗೋಲು ಬೇಕಾಗುತ್ತದೆ.

4. ಸಾದೃಶ್ಯದ ಮೂರು ಬಗೆ

ಅಂತಹ ಅಳತೆಗೋಲು ನಮ್ಮ ಲಾಕ್ಷಣಿಕರಲ್ಲಿಯೇ ಉಂಟು. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಕವಿಗಳ ನಡುವಣ ಸಂವಾದವನ್ನು, ಎಂದರೆ ಹೋಲಿಕೆಯನ್ನು, ಮೂರಾಗಿ ವಿಂಗಡಿಸಿದ್ದಾನೆ. ಕನ್ನಡಿಯೊಳಗಣ ಪ್ರತಿಬಿಂಬದಂತಿರುವುದು ಒಂದು. ಚಿತ್ರದಲ್ಲಿ ಬರೆದ ರೂಪದಂತಿರುವುದು ಎರಡು. ದೇಹದಲ್ಲಿ ಹೋಲುವ ಇಬ್ಬರು ಬೇರೆ ಬೇರೆ ಮನುಷ್ಯರಂತಿರುವುದು ಮೂರು. ಮೊದಲ ಎರಡನ್ನು ಬಿಡತಕ್ಕದ್ದು. ಮೂರನೆಯದು ದೋಷವಲ್ಲ, ಅದಕ್ಕೆ ತನ್ನದೇ ಆದ ಆತ್ಮವಿರುತ್ತದೆ ಎಂಬುದು ಅವನ ಮತ. ಅವನ ತರುವಾಯ ಬಂದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ, ಅರ್ಥಹರಣಗಳಿಗೆ ಹಲವು ಅಧ್ಯಾಯಗಳನ್ನು ಮೀಸಲಿಟ್ಟು, ಸ್ವಲ್ಪವೂ ಕಳವು ಮಾಡದ ಕವಿ ಇಲ್ಲವೆಂಬುದನ್ನು ನಗುನಗುತ್ತಲೇ ಒಪ್ಪಿಕೊಂಡಿದ್ದಾನೆ.

ಈ ವಿಭಾಗವನ್ನು ಪ್ರಕೃತಕ್ಕೆ ಅನ್ವಯಿಸಬಹುದು. ಅನ್ಯರ ಪದ್ಯವನ್ನು ತನ್ನದೆಂದು ನುಡಿಯುವುದು ಪ್ರತಿಬಿಂಬ. 1979ರ ಪ್ರಸಂಗ ಇದಕ್ಕೆ ಉದಾಹರಣೆ. ಅಮೆರಿಕದ ಗೀತವೊಂದರ ತಾಳ, ಉಸಿರಿನ ನಿಲುಗಡೆ, ಹೆಮ್ಮೆಯ ವಸ್ತುಗಳು ಎಲ್ಲವನ್ನೂ ಇಟ್ಟುಕೊಂಡು ನ್ಯೂಯಾರ್ಕಿನ ಜಾಗದಲ್ಲಿ ಬೆಂಗಳೂರೆಂದು ಬರೆಯುವುದು ಆಲೇಖ್ಯ. ರೂಪ ಹೊರಗಿನದಾದರೂ ಬಾಳು, ನುಡಿ, ನೋಟಗಳು ಸ್ವಂತದ್ದಾಗಿದ್ದರೆ ಅದು ತುಲ್ಯದೇಹಿ. ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಪುಸ್ತಕರೂಪವಾಗಿ ಬಂದಾಗ ಅನುವಾದವೇ ಹೊಸಗನ್ನಡ ಕಾವ್ಯಕ್ಕೆ ಮಾದರಿಯಾಯಿತಷ್ಟೆ. ರೂಪ ಎರವಲೆಂಬ ಮಾತ್ರಕ್ಕೆ ರ‍್ಯಾಪನ್ನು ತಿರಸ್ಕರಿಸುವವರು ಭಾವಗೀತೆಯನ್ನೂ ತಿರಸ್ಕರಿಸಬೇಕಾದೀತು.

ಸಿದ್ಧ ತಾಳದ ವಿಚಾರವನ್ನೂ ಇಲ್ಲಿಯೇ ಹೇಳಬಹುದು. ಈಗ ತಾಳಭೂಮಿಕೆಗಳನ್ನು ಕಟ್ಟಿ ಅಂತರ್ಜಾಲದಲ್ಲಿ ಮಾರುವವರು ಅನೇಕರು. ಏಕಸ್ವಾಮ್ಯವಿಲ್ಲದ ಪರವಾನಗಿಯಲ್ಲಿ ಒಂದೇ ತಾಳವನ್ನು ಹಲವರು ಕೊಳ್ಳಬಹುದಾದ್ದರಿಂದ, ಪೀಣ್ಯದ ತರುಣನ ಪದ್ಯಕ್ಕೂ ಬೇರೆ ಖಂಡದವನ ಪದ್ಯಕ್ಕೂ ಹಿನ್ನೆಲೆ ಒಂದೇ ಆಗಬಹುದು. ಪೂರ್ವಪಕ್ಷದವರು ಇದನ್ನು ದೊಡ್ಡ ದೋಷವೆನ್ನುತ್ತಾರೆ. ಆದರೆ ಕನ್ನಡ ಸಂಪ್ರದಾಯದಲ್ಲಿ ಮಟ್ಟು ಎಂಬುದೊಂದುಂಟು. ನಾಟಕ ಕಂಪನಿಗಳ ಪದ್ಯಗಳ ಮೇಲೆ ಇಂಥ ಹಾಡಿನ ಮಟ್ಟು ಎಂದು ಅಚ್ಚು ಹಾಕುತ್ತಿದ್ದರು. ಕೇಳಿದವರು ಅದನ್ನು ಕಳವೆನ್ನಲಿಲ್ಲ, ಏಕೆಂದರೆ ಮಟ್ಟಿನ ಮೂಲವನ್ನು ಮುಚ್ಚಿಡುತ್ತಿರಲಿಲ್ಲ. ಸಿದ್ಧ ತಾಳವನ್ನು ಮಟ್ಟೆಂದು ತಿಳಿದರೆ ಪದ್ಯಕಾರನ ಹೊಣೆ ಕಡಿಮೆಯಾಗದು, ಹೆಚ್ಚುತ್ತದೆ: ತಾಳ ಎಲ್ಲರದೂ ಆದಮೇಲೆ ವ್ಯತ್ಯಾಸವನ್ನು ಮಾತೇ ತೋರಿಸಬೇಕು.

5. ಕೋಲುಮಂಡೆಯ ಪ್ರಸಂಗ

ಈ ತತ್ತ್ವವನ್ನು ಪರೀಕ್ಷಿಸಲು ಕನ್ನಡದಲ್ಲಿ ಒಂದು ನಿಜವಾದ ಪ್ರಸಂಗವುಂಟು. 2020ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿಯವರು 'ಕೋಲುಮಂಡೆ ಜಂಗಮ ದೇವರು' ಎಂಬ ಜನಪದ ಗೀತವನ್ನು ರ‍್ಯಾಪಿನೊಡನೆ ಬೆರೆಸಿ ಪ್ರಕಟಿಸಿದರು. ಇದು ಕಂಸಾಳೆಯವರು ಹಾಡುವ ಮಲೆಯ ಮಹದೇಶ್ವರ ಕಾವ್ಯಸಂಪ್ರದಾಯಕ್ಕೆ ಸೇರಿದ್ದು. ಶಿವಶರಣೆ ಸಂಕಮ್ಮನ ಕಥೆಗೆ ಸಂಬಂಧಿಸಿದ್ದು. ದೃಶ್ಯಾವಳಿಯಲ್ಲಿ ಸಂಕಮ್ಮನನ್ನು ತೋರಿಸಿದ ಬಗೆ ಅಗೌರವದ್ದೆಂದು ಭಕ್ತರು ಆಕ್ಷೇಪಿಸಿದರು. ಗಾಯಕರು ಕ್ಷಮೆ ಕೇಳಿದರು, ದೃಶ್ಯಾವಳಿಯನ್ನು ಹಿಂದೆಗೆದುಕೊಳ್ಳಲಾಯಿತು.

ಇದೇ ಗೀತ 1996ರ 'ಜನುಮದ ಜೋಡಿ' ಚಿತ್ರದಲ್ಲಿ ವಿ. ಮನೋಹರ್ ಅವರ ಸಂಗೀತದಲ್ಲಿ ಎಲ್. ಎನ್. ಶಾಸ್ತ್ರಿಯವರ ಕಂಠದಿಂದ ನಾಡಿಗೆಲ್ಲ ಪರಿಚಿತವಾಗಿತ್ತು ಎಂಬುದನ್ನು ಗಮನಿಸತಕ್ಕದ್ದು. ಆದ್ದರಿಂದ ಜನಪದ ಗೀತವನ್ನು ಎತ್ತಿಕೊಂಡದ್ದೇ ತಪ್ಪೆನ್ನಲು ಬಾರದು. ಪಂಪನು ವ್ಯಾಸಭಾರತವನ್ನು ಎತ್ತಿಕೊಂಡನು. ರಾಮಾಯಣಕಾರರ ಭಾರದಿಂದ ಆದಿಶೇಷನೇ ಬಳಲಿದನೆಂದು ಕುಮಾರವ್ಯಾಸನು ಪರಿಹಾಸ ಮಾಡಿದನು. ಹಳೆಯ ಕಥೆಯನ್ನು ಹೇಳುವುದರಲ್ಲಿ ನಮ್ಮವರು ಎಂದೂ ಸಂಕೋಚಪಟ್ಟವರಲ್ಲ.

ಪ್ರಶ್ನೆ ಇರುವುದು ಕಥೆಯ ಆತ್ಮ ಉಳಿಯಿತೆ ಎಂಬಲ್ಲಿ. ಗಂಡ ನೀಲಯ್ಯನ ಸಂಶಯಕ್ಕೆ ಮಣಿಯದೆ, ಭಾಷೆ ಕೊಡಲು ಒಪ್ಪದೆ, ಕಾಡಿನಲ್ಲಿ ಕಷ್ಟವನ್ನನುಭವಿಸಿದ ಹೆಂಗಸು ಸಂಕಮ್ಮ. ಆ ನಿಷ್ಠುರತೆಯೇ ಆಕೆಯ ಕಥೆಯ ಜೀವಾಳ. ಹೊಸ ರೂಪದಲ್ಲಿ ಆ ಜೀವಾಳ ಬೆಳಗಿದರೆ ಪುನಃಸೃಷ್ಟಿ ಸಾರ್ಥಕ. ಆಕೆ ಬರಿಯ ನೋಟದ ವಸ್ತುವಾದರೆ, ರಾಗ ತಾಳಗಳು ಎಷ್ಟೇ ಹೊಸದಾದರೂ ಕಾವ್ಯ ಹಿಂದೆ ಸರಿದಂತೆ. ಹೀಗೆ ನೋಡಿದರೆ ಆಕ್ಷೇಪವನ್ನು ಭಕ್ತಿಯ ಭಾಷೆಯಲ್ಲಿ ಮಾತ್ರವೇ ಅಲ್ಲದೆ ಔಚಿತ್ಯವಿಚಾರದ ಭಾಷೆಯಲ್ಲಿಯೂ ಹೇಳಬಹುದಾಗಿತ್ತು. ಸಾಹಿತ್ಯದ ಉಪಾಧ್ಯಾಯರು ಮಾತಾಡಬೇಕಾದ ಸ್ಥಳ ಅದು.

ಇನ್ನೊಂದು ಅಂಶವುಂಟು. ಜನಪದ ಗೀತಕ್ಕೆ ಗೊತ್ತಾದ ಕರ್ತೃವಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಅಂತಹ ಗೀತಗಳ ಪರಂಪರೆಗೆ ಪ್ರತ್ಯೇಕವಾದ ರಕ್ಷಣೆ ಇಲ್ಲ. ಆ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ ಗೀತಕಾರರ ಮತ್ತು ಸಂಗೀತಕಾರರ ಸಂಭಾವನೆಯ ಹಕ್ಕನ್ನು ಭದ್ರಪಡಿಸಿತಾದರೂ, ತಲೆಮಾರುಗಳಿಂದ ಹಾಡನ್ನು ಕಾಪಾಡಿಕೊಂಡು ಬಂದ ಕಂಸಾಳೆಯವರಿಗೆ ಅದರಿಂದ ಬರುವುದೇನೂ ಇಲ್ಲ. ಮೂಲವನ್ನು ಹೆಸರಿಸುವುದು ಕಾನೂನಿನ ಬಲವಂತವಲ್ಲದಿದ್ದರೂ ಕವಿಧರ್ಮವೆಂದು ಹೇಳಬೇಕಾಗಿದೆ.

6. ಛಂದಸ್ಸು, ಪ್ರಾಸ, ನುಡಿ

ಇನ್ನು ಶಿಲ್ಪದ ವಿಚಾರ. ರ‍್ಯಾಪಿನ ಒಂದು ಸಾಲು ನಾಲ್ಕು ಬಡಿತಗಳ ಒಂದು ಆವರ್ತ. ಪ್ರತಿ ಬಡಿತವನ್ನು ನಾಲ್ಕಾಗಿ ಒಡೆದರೆ ಹದಿನಾರು ಕಾಲಾಂಶಗಳಾಗುತ್ತವೆ. ನಾಲ್ಕು ಮಾತ್ರೆಗಳ ನಾಲ್ಕು ಗಣಗಳು, ಒಟ್ಟು ಹದಿನಾರು ಮಾತ್ರೆಗಳು ಎಂದರೆ ಮಂದಾನಿಲ ರಗಳೆಯ ಪಾದವೇ ಆಯಿತು. ಇಂದಿನ ರ‍್ಯಾಪಿನಲ್ಲಿ ಬಹಳವಾಗಿ ಕೇಳಿಬರುವ, ಬಡಿತವನ್ನು ಮೂರಾಗಿ ಒಡೆಯುವ ಓಟ, ಮೂರು ಮಾತ್ರೆಯ ಗಣಗಳ ಉತ್ಸಾಹ ರಗಳೆಗೆ ಹತ್ತಿರವಾದದ್ದು. ಆದಿಪ್ರಾಸ ಅಂತ್ಯಪ್ರಾಸಗಳೆರಡನ್ನೂ ಧರಿಸಿ, ಪಾದಸಂಖ್ಯೆಯ ನಿಯಮವಿಲ್ಲದೆ ಹರಿಯುವ ರಗಳೆಯ ಸ್ವಭಾವವೂ ಇದಕ್ಕೆ ಒಪ್ಪುತ್ತದೆ. ಒಂದು ಮತ್ತೊಂದರಿಂದ ಹುಟ್ಟಿತೆಂದು ಹೇಳುವುದು ಅಸಂಬದ್ಧ. ಆದರೆ ಈ ಲಯ ಕನ್ನಡಕ್ಕೆ ಪರಕೀಯವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತೊಡಕು ಬೇರೆ ಕಡೆ ಇದೆ. ಇಂಗ್ಲಿಷಿನ ಪದ್ಯ ಊನಿಕೆಯನ್ನು ಅವಲಂಬಿಸಿದ್ದು. ಊನಿಕೆಯಿಲ್ಲದ ಅಕ್ಷರವನ್ನು ನುಂಗಿದರೂ ಅಲ್ಲಿ ಅರ್ಥ ಕೆಡದು. ಕನ್ನಡ ಗುರು ಲಘುಗಳನ್ನು ಅವಲಂಬಿಸಿದ್ದು. ಇಲ್ಲಿ 'ಕಾಡು' ಕಿರಿದಾದರೆ 'ಕಡು' ಆಗುತ್ತದೆ. 'ಹಳ್ಳಿ'ಯ ಒತ್ತು ಕಳೆದರೆ 'ಹಳಿ' ಉಳಿಯುತ್ತದೆ. ಇಂಗ್ಲಿಷ್ ಓಟವನ್ನು ಹಾಗೆಯೇ ತಂದು ಅದರೊಳಗೆ ಕನ್ನಡ ಪದಗಳನ್ನು ತುರುಕುವವರ ಬಾಯಲ್ಲಿ ಮಾತು ನಜ್ಜುಗುಜ್ಜಾಗುವುದು ಇದರಿಂದಲೇ. ಪದದ ಮಾತ್ರೆ ಕೆಡದಂತೆ ವೇಗವನ್ನು ಸಾಧಿಸಿದವನು ಹಳಬನಿರಲಿ ಹೊಸಬನಿರಲಿ, ಕನ್ನಡದ ಮಟ್ಟಿಗೆ ಹೊಸದೇನನ್ನೋ ಮಾಡಿದಂತೆಯೇ ಸರಿ.

ಪ್ರಾಸದ ವಿಚಾರವೂ ಹೀಗೆಯೇ. ಶ್ರೀವಿಜಯನ ಕವಿರಾಜಮಾರ್ಗ ಪ್ರಾಸವನ್ನು ವಿಸ್ತಾರವಾಗಿ ವಿಚಾರಿಸಿದೆ. ನಾಗವರ್ಮನ ಛಂ‍ದೋಂಬುಧಿ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಬಗೆಗಳನ್ನು ಹೇಳಿದೆ. 1911ರ ಸುಮಾರಿಗೆ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ಬಿಟ್ಟಾಗ ಕನ್ನಡ ಕಾವ್ಯಕ್ಕೆ ಹಾನಿಯಾಯಿತೆಂದು ಮರುಗಿದವರಿದ್ದರು. ಅಂದು ಹೊಸತನವೆಂದರೆ ಪ್ರಾಸವನ್ನು ಬಿಡುವುದು. ಇಂದಿನ ರ‍್ಯಾಪಿನಲ್ಲಿ ಪ್ರಾಸವೇ ಪ್ರಾಣ. ಆದರೆ ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಅಂತ್ಯಪ್ರಾಸ ಬಹು ಅಗ್ಗ. 'ಬರುತ್ತೆ, ಹೋಗುತ್ತೆ, ಆಗುತ್ತೆ' ಎಂದು ನೂರು ಸಾಲು ಹೇಳಿದರೂ ಪ್ರಾಸ ಸಿಗುತ್ತದೆ. ಅದು ವ್ಯಾಕರಣದ ದಾನ, ಕವಿಯ ಸಂಪಾದನೆಯಲ್ಲ. 'ಪಾಳಿ' ಮತ್ತು 'ಗಾಳಿ', 'ಬೆವರು' ಮತ್ತು 'ತವರು' ಎಂಬ ಜೋಡಿಗಳನ್ನು ನೋಡಿದರೆ ಭೇದ ತಿಳಿಯುತ್ತದೆ. ಇಲ್ಲಿ ಪ್ರಾಸ ಪ್ರಕೃತಿಯಲ್ಲಿದೆ, ಪ್ರತ್ಯಯದಲ್ಲಿಲ್ಲ, ದ್ವಿತೀಯಾಕ್ಷರವೂ ಹೊಂದುತ್ತದೆ, ಎರಡು ಪದಗಳು ಕೂಡಿದೊಡನೆ ರಾತ್ರಿಯ ಪಾಳಿಯನ್ನು ಮುಗಿಸಿ ಹೊರಬಂದವನ ಮೈಗೆ ತಾಗುವ ಗಾಳಿಯೂ, ಬೆವರಿನ ಊರಿನಲ್ಲಿ ನೆನಪಾಗುವ ತವರೂ ಮನಸ್ಸಿಗೆ ಬರುತ್ತವೆ. ಶಬ್ದಾಲಂಕಾರ ಅರ್ಥಕ್ಕೆ ದಾರಿಯಾಗುವುದು ಹೀಗೆ.

ಭಾಷಾಮಿಶ್ರಣವನ್ನು ಆಕ್ಷೇಪಿಸುವವರಿಗೆ ಹಳೆಯ ಆಧಾರವುಂಟು. ಸಂಸ್ಕೃತ ಕನ್ನಡಗಳನ್ನು ಬೆರೆಸುವುದನ್ನು ತುಪ್ಪ ಎಣ್ಣೆಗಳ ಬೆರಕೆಗೆ ಹೋಲಿಸಿ ನಯಸೇನನು ನಕ್ಕಿದ್ದನು. ಆದರೆ ಬೆರಕೆ ಎರಡು ಬಗೆ. ಕನ್ನಡ ಪದ ತೋಚದೆ ಇಂಗ್ಲಿಷ್ ಪದವನ್ನಿಟ್ಟರೆ ಅದು ದಾರಿದ್ರ್ಯ. ಮೇಲಧಿಕಾರಿಯೊಡನೆ ಒಂದು ಭಾಷೆ, ಮನೆಯ ಮಾಲೀಕನೊಡನೆ ಇನ್ನೊಂದು, ತಾಯಿಯೊಡನೆ ಮತ್ತೊಂದು ಎಂದು ದಿನವಿಡೀ ನಾಲಗೆ ಹೊರಳಿಸುವ ವೈಟ್‌ಫೀಲ್ಡಿನ ಉದ್ಯೋಗಿಯ ಪಾಡನ್ನು ತೋರಿಸಲು ಬೆರೆಸಿದರೆ ಅದು ಪಾತ್ರೌಚಿತ್ಯ.

ಆಶುಕವಿತ್ವ, ವಾದಪದ್ಯಗಳ ವಿಷಯದಲ್ಲಿಯೂ ಕನ್ನಡ ಬಡವಾಗಿಲ್ಲ. ಇಬ್ಬರು ಎದುರುಬದುರಾಗಿ ನಿಂತು ಪದ್ಯದಲ್ಲಿ ಹಣಿಯುವ ರ‍್ಯಾಪ್ ಕಾಳಗಕ್ಕೆ ಉತ್ತರ ಕರ್ನಾಟಕದ ಗೀಗೀ ಮೇಳಗಳ ಹರದೇಶಿ ನಾಗೇಶಿ ವಾದ ಹತ್ತಿರದ ನಂಟ. ಅಲ್ಲಿ ಪುರುಷಪಕ್ಷ ಸ್ತ್ರೀಪಕ್ಷಗಳ ಹೆಚ್ಚಳವನ್ನು ದಪ್ಪು ತುಂತುಣಿಗಳೊಡನೆ ಸವಾಲು ಜವಾಬುಗಳಲ್ಲಿ ಸಾಧಿಸುತ್ತಾರೆ. ಹಲಗೆ ಬಳಪ ಹಿಡಿಯದೆ, ಬರೆದದ್ದನ್ನು ಅಳಿಸದೆ, ಅನ್ಯರ ರೀತಿಯನ್ನು ಎರವು ಪಡೆಯದೆ ಕಾವ್ಯ ಕಟ್ಟುವುದನ್ನು ಕುಮಾರವ್ಯಾಸನು ತನ್ನ ಹಿರಿಮೆಯಾಗಿ ಸಾರಿದ್ದಾನಷ್ಟೆ. ರ‍್ಯಾಪ್ ಪದ್ಯಕಾರರ ಆತ್ಮಪ್ರಶಂಸೆಯನ್ನು ಕೇಳಿ ಮುಖ ಸಿಂಡರಿಸುವವರು ಈ ಪರಂಪರೆಯನ್ನೂ ನೆನೆಯಬೇಕು.

7. ವಸ್ತು ಮತ್ತು ಸತ್ಯ

ಸ್ವೋಪಜ್ಞತೆಗೆ ಕೊನೆಯ ಒರೆಗಲ್ಲು ವಸ್ತು. ಕುಡಿತ, ಮೋಜು, ಹಣಗಳೇ ಹೊಸ ರ‍್ಯಾಪಿನ ವಸ್ತುವೆಂಬ ದೂರು ಬಹಳ ಪ್ರಬಲವಾದದ್ದು. ಚಂದನ್ ಶೆಟ್ಟಿಯವರ '3 ಪೆಗ್' ಗೀತವನ್ನು ಇದಕ್ಕೆ ಉದಾಹರಿಸುವುದುಂಟು. ಆದರೆ ಕುಡಿತ ಕನ್ನಡ ಕಾವ್ಯಕ್ಕೆ ಹೊಸ ವಸ್ತುವಲ್ಲ. 1930ರ ದಶಕದಲ್ಲಿ ಜಿ. ಪಿ. ರಾಜರತ್ನಂ ಅವರು ಹೆಂಡಗುಡುಕನ ಆಡುಮಾತಿನಲ್ಲಿ 'ರತ್ನನ ಪದಗಳು' ಬರೆದರು. ರತ್ನನಿಗೆ ಹೆಂಡವಿದೆ, ಅದರ ಜೊತೆಗೆ ಹೆಂಡತಿ ಪುಟ್ನಂಜಿ ಇದ್ದಾಳೆ, ಬಡತನವಿದೆ, ಕನ್ನಡದ ಮೇಲಣ ಕಡು ಮೋಹವಿದೆ. ಅವನು ಒಬ್ಬ ಮನುಷ್ಯ. ಕುಡಿತದ ಗೀತ ಕಾವ್ಯವಾಗುವುದು ಅಲ್ಲಿ ಅಂತಹ ಮನುಷ್ಯನೊಬ್ಬನು ಕಂಡಾಗ. ಮೋಜು ಮಾತ್ರ ಇದ್ದರೆ ಅದು ಕುಣಿತದ ಹಾಡಾಗಿ ತನ್ನ ಕೆಲಸವನ್ನು ಮುಗಿಸಿ ಹೋಗುತ್ತದೆ. ಕುಣಿತದ ಹಾಡು ಬೇಡವೆಂದು ಯಾರೂ ಹೇಳಬೇಕಾಗಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ ಇದು ಘೋಷಣೆಯೋ ಕಾವ್ಯವೋ ಎಂಬ ಚರ್ಚೆ ನಡೆಯಿತು. ಮೆರವಣಿಗೆಗಳಲ್ಲಿ ಜನ ಅವುಗಳನ್ನು ಹಾಡಿದರು. ಕಾಲಕ್ರಮದಲ್ಲಿ ಪಠ್ಯಗಳೂ ಅವನ್ನು ಸ್ವೀಕರಿಸಿದವು. ಆ ಪದ್ಯಗಳ ಬಲ ಎಲ್ಲಿತ್ತೆಂದರೆ, ಹಾಡಿದವನಿಗೂ ಹಾಡಿಸಿಕೊಂಡ ಬಾಳಿಗೂ ನಡುವೆ ಅಂತರವಿರಲಿಲ್ಲ. ಹೊರ ಬೆಂಗಳೂರಿನ ರ‍್ಯಾಪಿನ ಮುಂದೆ ಇರುವ ಪ್ರಶ್ನೆಯೂ ಇದೇ. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ಸರ್ಕಾರ ವಿಧಿಸಿದ ನಿರ್ಬಂಧವನ್ನು ವಿರೋಧಿಸಿ ಸಾವಿರಾರು ಸಿದ್ಧ ಉಡುಪು ಕಾರ್ಮಿಕ ಹೆಂಗಸರು ಹೊಸೂರು ರಸ್ತೆ, ಪೀಣ್ಯ, ಜಾಲಹಳ್ಳಿ ಕ್ರಾಸುಗಳಲ್ಲಿ ಬೀದಿಗಿಳಿದರು. ಸರ್ಕಾರ ಆ ನಿರ್ಬಂಧವನ್ನು ಕೈಬಿಟ್ಟಿತು. ಇಂತಹ ವಸ್ತುವನ್ನು ಪಕ್ಕದಲ್ಲಿಟ್ಟುಕೊಂಡು, ಕಾಣದ ಬ್ರಾಂಕ್ಸಿನ ಗಲ್ಲಿಯನ್ನು ವರ್ಣಿಸುವ ಪದ್ಯ ಹಳೆಯ ಶೈಲಿಯದಾದರೂ ಆಲೇಖ್ಯವೇ. ಕೊಂಡ ತಾಳದ ಮೇಲೆ, ತಿದ್ದಿದ ಕಂಠದಲ್ಲಿ, ಜಾಲಹಳ್ಳಿ ಕ್ರಾಸಿನ ಮುಂಜಾವನ್ನು ನಿಜವಾಗಿ ನುಡಿದ ಪದ್ಯ ಹೊಸದಾದರೂ ತುಲ್ಯದೇಹಿ.

8. ಉಪಸಂಹಾರ

ಇಷ್ಟರಿಂದ ಕೆಲವು ನಿರ್ಣಯಗಳು ದೊರೆಯುತ್ತವೆ. ಹಳೆಯ ಹಿಪ್ ಹಾಪ್ ಎರವಲಿನಿಂದ ಮುಕ್ತವಾಗಿರಲಿಲ್ಲ; ಆದಕಾರಣ ಪೂರ್ವಪಕ್ಷದ ಮುಖ್ಯ ಹೇತು ಅಸಿದ್ಧ. ಆದರೆ ಹಳಬರು ಕದ್ದರೆಂಬುದು ಹೊಸಬರ ಸೋಮಾರಿತನಕ್ಕೆ ಸಮರ್ಥನವಾಗದು. ಸುಲಭ ಪ್ರಾಸ, ನುಂಗಿದ ಅಕ್ಷರ, ಎರವಲು ಹೆಮ್ಮೆಗಳ ವಿಷಯದಲ್ಲಿ ಪೂರ್ವಪಕ್ಷದವರ ದೂರು ಬಹುಮಟ್ಟಿಗೆ ನಿಜ. ಉಪಾಧ್ಯಾಯನು ಒಂದು ರ‍್ಯಾಪ್ ಪದ್ಯವನ್ನು ಮುಂದಿಟ್ಟುಕೊಂಡಾಗ ಅದರ ವರ್ಷವನ್ನು ಕೇಳುವ ಮೊದಲು, ಮಾತ್ರೆ ಉಳಿದಿದೆಯೆ, ಪ್ರಾಸ ಪ್ರಕೃತಿಯಲ್ಲಿದೆಯೆ ಪ್ರತ್ಯಯದಲ್ಲಿದೆಯೆ, ಎರವಲಿನ ಮೂಲವನ್ನು ಹೇಳಿದೆಯೆ, ನುಡಿಯುವವನು ಯಾರೆಂಬುದು ಪದ್ಯದಿಂದಲೇ ತಿಳಿಯುತ್ತದೆಯೆ ಎಂದು ಕೇಳತಕ್ಕದ್ದು.

ಪುಸ್ತಕ ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತ ಜನರು ಈ ನಾಡಿನವರೆಂದು ಶ್ರೀವಿಜಯನು ಒಂಬತ್ತನೆಯ ಶತಮಾನದಲ್ಲಿಯೇ ಮೆಚ್ಚಿದ್ದನು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸುವವರೆಗೆ ಬೀಸುವ ಕಲ್ಲಿನ ಪದಗಳನ್ನು ಸಾಹಿತ್ಯವೆಂದು ಎಣಿಸಿದವರು ವಿರಳ. ರ‍್ಯಾಪ್ ಪದ್ಯಗಳಿಗೆ ಶುದ್ಧವಾದ ಪಾಠ, ಕರ್ತೃವಿನ ಹೆಸರು, ಕಾಲ, ಮಟ್ಟಿನ ಮೂಲ ಇವುಗಳನ್ನು ಬರೆದಿಡುವ ಕೆಲಸ ಈಗಲೇ ಆಗದಿದ್ದರೆ, ಮುಂದಿನವರಿಗೆ ಕೇಳಿದವರ ಸಂಖ್ಯೆ ಮಾತ್ರ ಉಳಿದು, ಕೇಳಿದ ಮಾತು ಉಳಿಯದೆ ಹೋಗಬಹುದು. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬೇಗೂರಿನಲ್ಲಿ ಸುಮಾರು 890ರ ವೀರಗಲ್ಲೊಂದಿದೆ. ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನ ಹೆಸರನ್ನು ಅಂದಿನವರು ಕನ್ನಡದಲ್ಲಿ ಕೊರೆಯಿಸಿದ್ದರಿಂದಲೇ ಆ ಹೆಸರೂ ಈ ಊರಿನ ಹೆಸರೂ ನಮಗೆ ಉಳಿದುಬಂದಿವೆ. ಆ ನೆಲದ ಇಂದಿನ ಪದ್ಯಕಾರರ ವಿಷಯದಲ್ಲಿ ವಿದ್ವಾಂಸರು ಮಾಡಬೇಕಾದದ್ದೂ ಅಷ್ಟೆ.